ಏಳನೇ ಮಹಡಿಯ ಬಟ್ಟೆ

ಸೋಮವಾರ, ಜೂನ್ 5

ಮತ್ತೆ ಕೆಟ್ಟ ಕನಸು. ತಾರಸಿಯ ಮೇಲೆ ಒಬ್ಬಳೇ ನಿಂತಿದ್ದೇನೆ. ಕೈಯಲ್ಲಿ ಒಂದು ಒದ್ದೆ ಅಂಗಿ. ಒಂದು ತೋಳಿಗೆ ಕ್ಲಿಪ್ಪು ಹಾಕಿದೆ, ಎರಡನೆಯದಕ್ಕೂ ಹಾಕಿದೆ, ಮೂರನೆಯ ತೋಳು ಕೈಗೆ ಸಿಕ್ಕಿತು. ಅದಕ್ಕೂ ಹಾಕಿದೆ. ಹೀಗೆ ಹದಿನೆಂಟು. ಕ್ಲಿಪ್ಪು ಮುಗಿದುಹೋಯಿತು. ಇನ್ನೊಂದು ತೋಳು ಜೋತುಬಿದ್ದು ನೆಲಕ್ಕೆ ತಾಗುತ್ತಿತ್ತು. ಇಷ್ಟು ತೋಳಿನ ಅಂಗಿ ಯಾರದಪ್ಪಾ ಎಂದು ನಾನು ಹೆದರಲಿಲ್ಲ. ಮಣ್ಣಾದರೆ ಮತ್ತೆ ಒಗೆಯಬೇಕಲ್ಲ ಎಂದು ಹೆದರಿ ಅಳುತ್ತಿದ್ದೆ.

ಎದ್ದವಳು ತಂಗಿಗೆ ಹೇಳಿದೆ. ಮುಂಬುವಾ ಹಲ್ಲುಜ್ಜುತ್ತಿದ್ದಳು. ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಕುಣಿದಳು.

"ಹತ್ತೊಂಬತ್ತು ತೋಳು! ಅಕ್ಕಾ, ನೀನು ದೇವರು ಕಣೇ. ಇದು ಆಟಕ್ಕೆ ಬೇಕೇ ಬೇಕು."

ನನ್ನ ಕೆಟ್ಟ ಕನಸಿಗೆ ಈ ಮನೆಯಲ್ಲಿ ಇಷ್ಟೇ ಮರ್ಯಾದೆ.

ಈ ನೋಟ್‌ಬುಕ್ಕೂ ಅವಳೇ ಕೊಟ್ಟದ್ದು. ಮುಂದಿನ ಹಾಳೆಗಳಲ್ಲಿ ಅವಳ ಕಾಲೇಜಿನ ಬರಹ, ಹಿಂದಿನವು ಖಾಲಿ. "ನಿನ್ನ ಚಿಂತೆಯೆಲ್ಲ ಇದರ ಹತ್ರ ಹೇಳು, ನನಗೆ ಬೆಳಗಿನ ಚಹಾ ನೆಮ್ಮದಿಯಾಗಿ ಕುಡಿಯೋಕೆ ಬಿಡು" ಅಂದಳು. ಏಳನೇ ತರಗತಿ ಅರ್ಧಕ್ಕೆ ಬಿಟ್ಟವಳ ಅಕ್ಷರ ಯಾರು ಓದುತ್ತಾರೆ. ಓದದಿದ್ದರೆ ಒಳ್ಳೆಯದೇ.

ಇವತ್ತಿನ ಚಿಂತೆಗಳು. ನೈರೋಬಿಯ ಈ ಜೂನ್ ಚಳಿಯಲ್ಲಿ ಬಟ್ಟೆ ಒಣಗುವುದಿಲ್ಲ. ಮೇಷ್ಟ್ರಮ್ಮನ ಮನೆಯ ಬಿಳಿ ದುಪ್ಪಟಿಯ ಮೂಲೆಯಲ್ಲಿ ನೀಲಿ ಹತ್ತಿದೆ. ನನ್ನಿಂದಲೇ ಹತ್ತಿತೋ, ಮೊದಲೇ ಇತ್ತೋ ಗೊತ್ತಿಲ್ಲ. ಮೂರನೆಯದು ಮುಂಬುವಾಳ ಆಟ.

ಆಟ ಎಂದರೆ ಕಂಪ್ಯೂಟರಿನದು. ಅವಳೂ ಚಿತ್ರ ಬರೆಯುವ ಲೆಮಾಯನ್ ಎಂಬ ಹುಡುಗನೂ ಸೇರಿ ಮಾಡುತ್ತಿದ್ದಾರೆ. ಇಪ್ಪತ್ತು ನಿಮಿಷಕ್ಕೆ ಮುಗಿದುಹೋಗುವಂಥದ್ದು. ಯಾರು ಬೇಕಾದರೂ ಪುಕ್ಕಟೆಯಾಗಿ ಆಡಬಹುದಂತೆ. ಪುಕ್ಕಟೆ ಯಾಕೆ ಎಂದರೆ, "ನಗೋಕೆ ಯಾರು ಕಾಸು ಕೊಡ್ತಾರಕ್ಕಾ" ಅಂತಾಳೆ. ಕಾಸಿಲ್ಲದ ಕೆಲಸಕ್ಕೆ ಕಣ್ಣು ಕೆಂಪು ಮಾಡಿಕೊಂಡು ಕೂರುವವಳನ್ನು ಏನೆನ್ನಬೇಕು.

ಕಥೆ ಹೀಗಿದೆಯಂತೆ. ಮನೆಮನೆಗೆ ಹೋಗಿ ಬಟ್ಟೆ ಒಗೆಯುವ ಒಬ್ಬ ಹೆಂಗಸು, ಮಾಮಾ ಫುವಾ. ನನ್ನ ಹಾಗೆಯೇ. ಆರೇ ಮಹಡಿ ಇರುವ ಕಟ್ಟಡದಲ್ಲಿ ಅವಳಿಗೆ ಏಳನೇ ಮಹಡಿಯಿಂದ ಕರೆ ಬರುತ್ತದೆ. ಅಲ್ಲಿ ಬಾಡಿಗೆಗಿರುವುದು ಮನುಷ್ಯನಲ್ಲ, ನಕ್ಷತ್ರಗಳಾಚೆಯಿಂದ ಬಂದ ಒಂದು ಅಗಾಧ ವಸ್ತು. ಮೈತುಂಬ ಕಣ್ಣು, ಮೈತುಂಬ ಕೈ. ಅದು ಭೂಮಿಯನ್ನು ನುಂಗಲು ಬಂದಿದೆ. ನುಂಗುವ ದಿನಕ್ಕೆ ಒಗೆದ ಬಟ್ಟೆ ಬೇಕಾಗಿದೆ.

"ಅದನ್ನ ನೋಡಿದೋರಿಗೆಲ್ಲ ಬುದ್ಧಿ ಕೆಡುತ್ತೆ ಅಕ್ಕಾ. ಆದ್ರೆ ಮಾಮಾ ಫುವಾಗೆ ಏನೂ ಆಗಲ್ಲ. ಯಾಕೆ ಹೇಳು?"

"ದೇವರ ಮೇಲೆ ನಂಬಿಕೆ ಇರತ್ತೆ."

"ಅಲ್ಲ. ಅವಳು ತಲೆ ಎತ್ತಿ ಗಿರಾಕಿ ಮುಖ ನೋಡೋದೇ ಇಲ್ಲ. ಬಟ್ಟೆ ಮಾತ್ರ ನೋಡ್ತಾಳೆ."

ನಕ್ಕಳು. ನಾನೂ ನಕ್ಕೆ. ಆಮೇಲೆ ಕೆಲಸಕ್ಕೆ ಹೋಗುವಾಗ ದಾರಿಯುದ್ದಕ್ಕೂ ಅದೇ ಮಾತು ಕೊರೆಯಿತು.

ಶುಕ್ರವಾರ, ಜೂನ್ 9

ಇವತ್ತು ನನ್ನ ದನಿ ಹಿಡಿದುಕೊಂಡರು. ಮುಂಬುವಾ ಮುಂಚೆಯೇ ಹೇಳಿದ್ದಳು: "ನಟನೆ ಬೇಡ, ನೀನು ಒಗೀತಾ ಗೊಣಗ್ತೀಯಲ್ಲ, ಅಷ್ಟು ಸಾಕು." ನಾನು ಗೊಣಗುತ್ತೇನೆಂದು ನನಗೇ ಗೊತ್ತಿರಲಿಲ್ಲ. ಓಣಿಯಲ್ಲಿ ಟಬ್ಬು ಇಟ್ಟುಕೊಂಡು ಕೂತೆ. ನಲ್ಲಿಯ ಪೈಪಿಗೆ ಫೋನು ಕಟ್ಟಿದರು. ಮೊದಲು ಪ್ರಾರ್ಥನೆಗೆ ನಿಂತವಳ ಹಾಗೆ ಮಾತಾಡಿದೆ. ಲೆಮಾಯನ್ ತನ್ನ ಕಾಲುಚೀಲ ಬಿಚ್ಚಿ ಟಬ್ಬಿಗೆ ಹಾಕಿದ. ಅದರ ವಾಸನೆಗೆ ಬಾಯಿ ತಾನಾಗಿಯೇ ತೆರೆಯಿತು.

"ಇದೇನು ಕಾಲುಚೀಲವೋ ಸತ್ತ ಇಲಿಯೋ? ನಿಮ್ಮಮ್ಮ ನಿನಗೆ ಕಾಲು ತೊಳೆಯೋದು ಕಲಿಸ್ಲಿಲ್ವೇನಪ್ಪಾ?"

ಅವರಿಬ್ಬರೂ ಬಾಯಿಗೆ ಬಟ್ಟೆ ತುರುಕಿಕೊಂಡು ನಕ್ಕರು. ಆಮೇಲೆ ನಿಲ್ಲಿಸುವುದೇ ಕಷ್ಟವಾಯಿತು. ಬಿಳಿಯದನ್ನು ಬಣ್ಣದ ಜೊತೆ ನೆನೆಹಾಕುವವರನ್ನು ಬೈದೆ, ಜೇಬಲ್ಲಿ ಕಾಗದ ಬಿಡುವವರನ್ನು ಬೈದೆ, ಕೊನೆಯ ಸಲ ಜಾಲಿಸಿದ ನೀರನ್ನು ನೆಲ ಒರೆಸಲು ಎತ್ತಿಡದೆ ಚೆಲ್ಲುವವರನ್ನು ಬೈದೆ. ಮುಂಬುವಾ ಮಧ್ಯೆ ಮಧ್ಯೆ ಕೇಳುತ್ತಿದ್ದಳು. ಮೊದಲು ಕಾಲರ್ ಉಜ್ಜಬೇಕಾ, ಕೈ ಪಟ್ಟಿಯಾ? ಅಂಗಿಯನ್ನು ಹೆಗಲಿಂದ ತೂಗುಹಾಕಬೇಕಾ, ಅಂಚಿಂದಾ? ನಾನು ಹೇಳುತ್ತಾ ಹೋದೆ, ಅವಳು ಬರೆಯುತ್ತಾ ಹೋದಳು. ಕಾಲೇಜು ಓದಿದ ತಂಗಿ ನಾನು ಹೇಳಿದ್ದನ್ನು ಬರೆದುಕೊಳ್ಳುವುದು ನೋಡಿ ಒಂಥರಾ ಆಯಿತು.

"ಕೊನೇಲಿ ಹೆಸರು ಬರುತ್ತೆ ಅಕ್ಕಾ. ‘ಒಗೆಯುವುದನ್ನು ಕಲಿಸಿದವರು: ಸ್ಯೊಕಾವು’ ಅಂತ."

"ನನ್ನ ಹೆಸರು ಯಾಕೆ ಮಾರಾಯ್ತಿ."

"ಇನ್ಯಾರದ್ದು ಹಾಕ್ಲಿ, ಸೋಪಿನ ಕಂಪನಿಯೋರದ್ದಾ?"

ಎದುರು ಮನೆಯ ನಫೂನಾ ಮಂದಾಜಿ ಕರಿದು ಮಾರುವವಳು. ಕೈಯೆಲ್ಲ ಹಿಟ್ಟು ಮಾಡಿಕೊಂಡು ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದಳು. ಅವಳ ಬಾಯಿಗೆ ಬೀಗವಿಲ್ಲ.

"ಏನ್ರೇ ಅದು, ನೂರು ಕೈ ಸೈತಾನನ ಚಡ್ಡಿ ಒಗೆಯೋ ಆಟವಂತೆ? ನಿಮ್ಮ ಕಂಬಾ ಕುಲದೋರು ಅಂದ್ರೆ ಜನ ಮೊದಲೇ ಮಾಟ ಮಂತ್ರ ಅಂತಾರೆ. ನೀವು ಅಕ್ಕತಂಗಿ ಪಟ ಬರೆದು ಅಂಗಡಿ ಇಡ್ತಿದ್ದೀರಲ್ಲೇ!"

ತಮಾಷೆಗೆ ಅಂದಳು. ನನಗೆ ಊಟ ಸೇರಲಿಲ್ಲ.

ಮಂಗಳವಾರ, ಜೂನ್ 13

ಚರ್ಚಿನಲ್ಲಿ ಯಾರಿಗಾದರೂ ಗೊತ್ತಾದರೆ? ಅದು ಸೈತಾನ ಅಲ್ಲ, ಬರೀ ಗಿರಾಕಿ ಎಂದು ಮುಂಬುವಾ ಆಣೆ ಮಾಡಿದ್ದಾಳೆ. ಗಿರಾಕಿ ಎಂದ ಮಾತ್ರಕ್ಕೆ ಸೈತಾನ ಅಲ್ಲ ಎಂದು ಹೇಗೆ ಹೇಳುವುದು, ನಾನು ಹದಿನಾರು ವರ್ಷದಿಂದ ಗಿರಾಕಿಗಳನ್ನು ನೋಡಿದ್ದೇನೆ.

ಮೇಷ್ಟ್ರಮ್ಮ ದುಪ್ಪಟಿಯ ನೀಲಿಯ ಬಗ್ಗೆ ಏನೂ ಅನ್ನಲಿಲ್ಲ. ನೋಡಿಲ್ಲವೋ, ನೋಡಿಯೂ ಮನಸ್ಸಲ್ಲಿಟ್ಟುಕೊಂಡಿದ್ದಾರೋ.

ಶನಿವಾರ, ಜೂನ್ 17

ಬರೆಯಬೇಕೋ ಬೇಡವೋ. ಬರೆಯುತ್ತೇನೆ.

ಇವತ್ತು ಪೇಟೆಯ ಒಂದು ದೊಡ್ಡ ಹಾಲಿನಲ್ಲಿ ಆಟಗಳನ್ನು ತೋರಿಸುವ ದಿನ. ಹತ್ತು ಹನ್ನೆರಡು ಮೇಜು. ಒಂದೊಂದರ ಮೇಲೂ ಒಂದೊಂದು ಕಂಪ್ಯೂಟರು, ಒಂದೊಂದು ಆಟ. ಸಂಜೆ ತೀರ್ಪುಗಾರರು ಪ್ರತಿ ಮೇಜಿಗೂ ಬಂದು ಆಡಿ ನೋಡುತ್ತಾರೆ. ಮೆಚ್ಚಿದ ಆಟದವರಿಗೆ ಕೂತು ಮಾಡಲು ಜಾಗ, ಒಂದು ವರ್ಷ ಕೆಲಸ. ಮುಂಬುವಾಗೆ ಬೇಕಾಗಿದ್ದದ್ದು ಅದು. ಒಂದು ವಾರದಿಂದ ಅವಳು ಉಗಾಲಿ ತಟ್ಟೆಯ ಮುಂದೆ ಕೂತು ಬೆರಳು ಕಚ್ಚುತ್ತಿದ್ದಳು.

ನಾನು ಚರ್ಚಿನ ಉಡುಪು ಹಾಕಿಕೊಂಡು ಹೋದೆ. ಮುಂಬುವಾಳ ಮೇಜಿನ ಮುಂದೆ ಸಾಲು ನಿಂತಿತ್ತು. ಪಕ್ಕದ ಮೇಜುಗಳ ಮುಂದೆ ಅಷ್ಟಿರಲಿಲ್ಲ. ಅಲ್ಲಿ ನನ್ನ ದನಿ ಕೇಳಿಸಿತು. "ನಿಮ್ಮಮ್ಮ ನಿನಗೆ ಕಾಲು ತೊಳೆಯೋದು ಕಲಿಸ್ಲಿಲ್ವೇನಪ್ಪಾ?" ಇಡೀ ಸಾಲು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಹತ್ತೊಂಬತ್ತು ತೋಳಿನ ಅಂಗಿಯೂ ಬಂತು. ಒಬ್ಬ ಹುಡುಗಿ ತೋಳು ಎಣಿಸಿ ಎಣಿಸಿ ಸೋತು, "ಅಯ್ಯೋ ಇದೊಂದು ಎಲ್ಲಿಂದ ಬಂತು" ಅಂತ ಕೂಗಿದಳು. ಅದು ನನ್ನ ಕನಸಿನ ತೋಳು ಎಂದು ಹೇಳಬೇಕೆನಿಸಿತು. ನಾಚಿಕೆಯಾಯಿತು. ಆ ಹತ್ತು ನಿಮಿಷ ನನಗೆ ಯಾವ ಚಿಂತೆಯೂ ಇರಲಿಲ್ಲ. ಈಗ ನೆನೆಸಿದರೆ ಗೊತ್ತಾಗುತ್ತದೆ.

ಆಮೇಲೆ ಒಬ್ಬ ದಪ್ಪ ಗಂಡಸು ಕೂತ. ಬೇಗ ಬೇಗ ಆಡಿದ. ಎಲ್ಲ ಬಟ್ಟೆ ಒಗೆದಾಯಿತು, ಹರವಿಯಾಯಿತು. ಆಗ ಆ ಗಿರಾಕಿ ಮೇಲಿನಿಂದ ಒಂದು ಕೊನೆಯ ಬಟ್ಟೆಯನ್ನು ಟಬ್ಬಿಗೆ ಎಸೆಯಿತು. ಬೂದು ಬಣ್ಣದ್ದು, ಗುಡಾರದಷ್ಟು ದೊಡ್ಡದು, ಕಾಲು ತೂರಿಸಲು ನಲವತ್ತು ತೂತು. ಒಳಚಡ್ಡಿ.

ಆಟದ ಹೆಂಗಸು ಬಗ್ಗಿ ಅದನ್ನು ಒಗೆಯತೊಡಗಿದಳು. ನನ್ನ ದನಿಯಲ್ಲೇ ಗೊಣಗುತ್ತಾ. ಜನ ನಗುತ್ತಾ ನಗುತ್ತಾ ಒಬ್ಬರ ಮೇಲೊಬ್ಬರು ಬಿದ್ದರು. ಆ ದಪ್ಪ ಗಂಡಸು ಕಣ್ಣೊರೆಸಿಕೊಂಡು, "ಪಾಪ, ಮಾಮಾ ಫುವಾಗೆ ಇದೂ ಬಂತಲ್ಲ!" ಅಂದ.

ನನ್ನ ಕಿವಿಯಲ್ಲಿ ಏನೋ ಹೊತ್ತಿಕೊಂಡಿತು.

ಒಗೆಯುವವರಿಗೆ ಒಳಬಟ್ಟೆ ಹಾಕಬಾರದು. ಅದು ಎಲ್ಲ ಮನೆಗೂ ಗೊತ್ತು. ಎಂಥ ಸೋಮಾರಿ ಹೆಂಗಸೂ ತನ್ನದನ್ನು ತಾನೇ ಸ್ನಾನದಲ್ಲಿ ಹಿಂಡಿ ಒಣಗಹಾಕುತ್ತಾಳೆ. ಯಾರಾದರೂ ಹಾಕಿದರೆ, ನೀನು ಮನುಷ್ಯಳೇ ಅಲ್ಲ ಎಂದು ಹೇಳಿದ ಹಾಗೆ.

ನಾನು ಜನರ ನಡುವೆ ನುಗ್ಗಿದೆ. "ನಾನು ಯಾವತ್ತೂ ಯಾರ ಒಳಬಟ್ಟೆನೂ ಒಗೆದೋಳಲ್ಲ! ಈ ಹುಡುಗಿ ಸುಳ್ಳು ಹೇಳ್ತಿದ್ದಾಳೆ. ಅದು ನನ್ನ ದನಿ. ಕೇಳದೆ ಹಾಕಿದ್ದಾಳೆ!"

ಮುಂಬುವಾ ನನ್ನ ಕೈ ಹಿಡಿದಳು.

"ಅಕ್ಕಾ, ಇನ್ನೂ ಮುಗಿದಿಲ್ಲ. ಒಂದ್ನಿಮಿಷ ನೋಡಕ್ಕಾ, ಅವರು ಒಂದು ದಾರಿ ಒತ್ತಿದ್ರು ಅಷ್ಟೇ, ಇನ್ನೊಂದು..."

"ನೋಡಿದ್ದು ಸಾಕು! ಇವಳನ್ನ ಸಾಕೋಕೆ ನಾನು ಬೆನ್ನು ಬಗ್ಗಿಸಿದೆ, ಇವಳು ನನ್ನನ್ನೇ ಕೋಡಂಗಿ ಮಾಡಿ ಊರಿಗೆ ತೋರಿಸ್ತಿದ್ದಾಳೆ. ನನ್ನ ದನಿ ತೆಗಿ. ನನ್ನ ಹೆಸರು ತೆಗಿ. ಈಗಲೇ."

ನಾನು ಕೇಳದೆ ಹಾಕಿದ್ದಾಳೆ ಎಂದು ಸುಳ್ಳು ಹೇಳಿದೆ. ಕೇಳಿಯೇ ಹಾಕಿದ್ದಳು.

ಮುಂಬುವಾ ನನ್ನನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಕಂಪ್ಯೂಟರಿನ ಮುಚ್ಚಳ ಮುಚ್ಚಿದಳು. ತೀರ್ಪುಗಾರರು ಇನ್ನೂ ಎರಡು ಮೇಜಿನಾಚೆ ಇದ್ದರು.

ಭಾನುವಾರ, ಜೂನ್ 18

ಚರ್ಚಿನಿಂದ ಬರುವಷ್ಟರಲ್ಲಿ ಅವಳು ಚೀಲ ತುಂಬಿಕೊಂಡಿದ್ದಳು. ಲೆಮಾಯನ್‌ನ ಅಕ್ಕನ ಮನೆಗಂತೆ, ಊರಿನ ಆ ತುದಿಗೆ.

"ತೆಗೆದಿದ್ದೀನಿ ಅಕ್ಕಾ. ದನಿನೂ, ಹೆಸರೂ."

ಅಷ್ಟೇ ಅಂದಳು. ಬೈದಿದ್ದರೆ ಚೆನ್ನಾಗಿತ್ತು.

ಬುಧವಾರ, ಜೂನ್ 21

ನಾನು ಮಾಡಿದ್ದು ತಪ್ಪಲ್ಲ. ಇವತ್ತು ಮೂರು ಮನೆ ಒಗೆಯುವಾಗಲೂ ಅದನ್ನೇ ಹೇಳಿಕೊಂಡೆ. ಮರ್ಯಾದೆ ಎಂಬುದೊಂದು ಇರುತ್ತದೆ.

ಇದು ಯಾರೂ ಓದುವುದಿಲ್ಲ, ಅದಕ್ಕೆ ಬರೆಯುತ್ತೇನೆ.

ನಾನು ಒಗೆದಿದ್ದೇನೆ. ಒಂದು ಸಲ ಅಲ್ಲ, ಒಂದು ಪೂರ್ತಿ ವರ್ಷ. ಅಮ್ಮ ಸತ್ತು ಆರು ವರ್ಷವಾಗಿತ್ತು, ಊರಿನಿಂದ ಇಲ್ಲಿಗೆ ಬಂದ ಹೊಸದು. ಗೊತ್ತಿದ್ದದ್ದು ಒಂದೇ ಮನೆ. ಆ ಮನೆಯ ಹೆಂಗಸು ಮೊದಲನೇ ವಾರ ಗುಡ್ಡೆಯಲ್ಲಿ ತನ್ನದನ್ನೂ ಗಂಡನದ್ದನ್ನೂ ಹಾಕಿದಳು. ಮರೆತು ಹಾಕಿದ್ದಾಳೆ ಎಂದುಕೊಂಡು ಪಕ್ಕಕ್ಕಿಟ್ಟೆ. ಅವಳು ಬಂದು ಕಾಲಿನಿಂದ ಅದನ್ನು ಮತ್ತೆ ಟಬ್ಬಿಗೆ ತಳ್ಳಿದಳು. ಮಾತೂ ಆಡಲಿಲ್ಲ. ನಾನು ಮೇಲೆ ನೋಡಲಿಲ್ಲ. ಒಗೆದೆ. ಆ ಮನೆ ಹೋದರೆ ನನಗೆ ಇನ್ನೊಂದು ಮನೆ ಇರಲಿಲ್ಲ.

ಮುಂಬುವಾ ಆಗ ಎಂಟು ವರ್ಷದವಳು. ಶಾಲೆ ಬಿಟ್ಟ ಮೇಲೆ ಅಲ್ಲಿಗೇ ಬಂದು ಬಕೆಟ್ಟು ಬೋರಲು ಹಾಕಿಕೊಂಡು ಅದರ ಮೇಲೆ ಕೂತು ಮಗ್ಗಿ ಬಾಯಿಪಾಠ ಮಾಡುತ್ತಿದ್ದಳು. ಮಗುವಿಗೇನು ಗೊತ್ತಾಗುತ್ತದೆ ಎಂದುಕೊಂಡಿದ್ದೆ.

ಗೊತ್ತಾಗಿತ್ತು. ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು, ಕೊನೆಗೆ ಅದನ್ನು ಜನರಿಗೆ ನಗಲು ಕೊಟ್ಟಳು. ನನಗೆ ಉರಿಯುವುದು ಅದೇ.

ಗುರುವಾರ, ಜೂನ್ 29

ಬಟ್ಟೆ ಒಣಗಲಿಲ್ಲ.

ಶನಿವಾರ, ಜುಲೈ 8

ಲೆಮಾಯನ್ ಬಂದಿದ್ದ, ಮುಂಬುವಾಳ ಉಣ್ಣೆ ಅಂಗಿ ಒಯ್ಯಲು. ಚಳಿ ಹೆಚ್ಚಾಗಿದೆಯಲ್ಲ. ಅವಳೇ ಬರಬಹುದಿತ್ತು. ಬರಲಿಲ್ಲ. ನಾನು ಅಂಗಿಯನ್ನು ಮೊದಲೇ ಒಗೆದು ಮಡಿಸಿಟ್ಟಿದ್ದೆ. ಬಾಗಿಲಲ್ಲೇ ನಿಂತವನನ್ನು ಕೂರಿಸಿ ಚಹಾ ಕೊಟ್ಟೆ. ಅವನು ಸಂಕೋಚದ ಹುಡುಗ. ಚಹಾ ಮುಗಿಯುವ ತನಕ ಲೋಟದ ಒಳಗೇ ನೋಡಿದ.

"ಹೇಗಿದ್ದಾಳೆ?"

"ಚೆನ್ನಾಗಿದ್ದಾಳೆ ಅಕ್ಕಾ. ಒಂದು ಅಂಗಡೀಲಿ ಫೋನ್ ರಿಪೇರಿ ಕಲೀತಿದ್ದಾಳೆ."

"ಅವತ್ತು... ತೀರ್ಪುಗಾರರು ಬಂದ್ರಾ?"

"ಬಂದ್ರು. ಮುಚ್ಚಿತ್ತಲ್ಲ. ಮುಂದಿನ ಮೇಜಿಗೆ ಹೋದ್ರು."

ನಾನು ಸ್ಟವ್ ಒರೆಸಿದೆ. ಆಗಲೇ ಒರೆಸಿತ್ತು.

"ಜನ ಈಗ ಆಡ್ತಿದ್ದಾರೆ ಅಕ್ಕಾ. ದನಿ ಇಲ್ಲದೇನೇ ಇಂಟರ್ನೆಟ್ಟಿಗೆ ಬಿಟ್ವಿ. ದೂರ ದೂರದಿಂದ ಬರೀತಾರೆ, ನಕ್ಕೂ ನಕ್ಕೂ ಸಾಕಾಯ್ತು ಅಂತ. ಒಬ್ಬಳು ಅತ್ತೆ ಅಂತಾನೂ ಬರೆದಿದ್ದಾಳೆ."

"ಅಳೋಕೇನಿದೆ ಅದರಲ್ಲಿ? ಚಡ್ಡಿ ಒಗೀತಾಳೆ, ಜನ ನಗ್ತಾರೆ."

ಅವನು ಆಗ ತಲೆ ಎತ್ತಿದ. "ನೀವು ಕೊನೇತನಕ ನೋಡ್ಲೇ ಇಲ್ವಾ?"

"ಏನಿದೆ ಕೊನೇಲಿ?"

"ನಾನು ಹೇಳಲ್ಲ ಅಕ್ಕಾ. ಅದು ಅವಳು ನಿಮಗೆ ಮಾಡಿದ್ದು. ನೀವೇ ಆಡಿ."

ಅವನು ಹೋದ ಮೇಲೆ ನಫೂನಾ ಬಂದಳು. ಓಣಿಯ ಈಚೆ ಏನು ನಡೆದರೂ ಅವಳ ಎಣ್ಣೆ ಬಾಣಲೆಗೆ ಕೇಳಿಸುತ್ತದೆ.

"ಕಥೆ ಅರ್ಧ ಕೇಳಿ ಹೆಂಡತಿಗೆ ಹೊಡೆದನಂತೆ ಒಬ್ಬ. ನೀನು ಅವನಿಗಿಂತ ಮೇಲಲ್ವೇ!"

"ನಿನಗೇನು ಗೊತ್ತು, ಸುಮ್ಮನಿರೇ."

"ನನಗೇನೂ ಗೊತ್ತಿಲ್ಲಮ್ಮ. ನಿನಗೂ ಗೊತ್ತಿಲ್ಲ. ಅದಕ್ಕೇ ಹೇಳಿದ್ದು."

ಶುಕ್ರವಾರ, ಜುಲೈ 14

ಮುಥೋಕೋಯಿ ಬೇಯಿಸಿದೆ. ಮುಂಬುವಾಗೆ ಇಷ್ಟ, ಜೋಳ ಮೆತ್ತಗಾಗಿ ಬೀನ್ಸು ಒಡೆಯುವಂತೆ ಬೇಯಬೇಕು. ಡಬ್ಬಿಗೆ ತುಂಬಿಕೊಂಡು ಎರಡು ಮಟಾಟು ಬದಲಾಯಿಸಿ ಆ ತುದಿಗೆ ಹೋದೆ. ಲೆಮಾಯನ್ ಹೇಳಿದ ಗುರುತಿನ ಕಟ್ಟಡ ಸಿಕ್ಕಿತು. ಗೇಟಿನ ಹತ್ತಿರ ಕಾವಲುಗಾರ.

"ಯಾರನ್ನ ನೋಡ್ಬೇಕಮ್ಮ?"

ನಾಲಿಗೆಯ ತುದಿಗೆ ಹೆಸರು ಬಂತು. ಅವಳು ಕೆಳಗಿಳಿದು ಬಂದು ಅವತ್ತಿನ ಹಾಗೆ ಮಾತಾಡದೆ ನೋಡಿದರೆ? ಮೇಲೆ ಕರೆಯದೆ ಗೇಟಿನಲ್ಲೇ ಡಬ್ಬಿ ತೆಗೆದುಕೊಂಡರೆ? ಕರೆದರೂ, ಆ ಮನೆಯವರ ಮುಂದೆ ನಾನು ಏನೆಂದು ಹೇಳಲಿ? "ಯಾರೂ ಇಲ್ಲಪ್ಪ, ಕಟ್ಟಡ ತಪ್ಪಾಯ್ತು" ಅಂದೆ.

ಮೇಲೆ ನೋಡಿದೆ. ನಾಲ್ಕನೇ ಮಹಡಿಯ ತಂತಿಯ ಮೇಲೆ ಅವಳ ಉಣ್ಣೆ ಅಂಗಿ. ಹೆಗಲಿಗೆ ಕ್ಲಿಪ್ಪು ಹಾಕಿದ್ದಾರೆ, ಹಾಗೆ ಹಾಕಿದರೆ ಉಣ್ಣೆ ಜೋತು ಬೀಳುತ್ತದೆ. ಯಾರು ಹಾಕಿದರೋ.

ಬರುವಾಗ ಮಟಾಟುವಿನಲ್ಲಿ ಕೂತು ಕೈಯಿಂದಲೇ ಅರ್ಧ ತಿಂದೆ. ಪಕ್ಕದವನು ನೋಡಿದ. ನೋಡಲಿ.

ಶನಿವಾರ, ಜುಲೈ 22

ಆಟ ಆಡಿದೆ. ನಫೂನಾಳ ಫೋನಿನಲ್ಲಿ. ನನ್ನದು ಗುಂಡಿ ಒತ್ತುವ ಸಣ್ಣ ಫೋನು, ಅದರಲ್ಲಿ ಬರುವುದಿಲ್ಲ. ಅವಳದ್ದು ದೊಡ್ಡದು, ಗಾಜು ಕೆಳಮೂಲೆಯಲ್ಲಿ ಜೇಡನ ಬಲೆಯ ಹಾಗೆ ಒಡೆದಿದೆ. ಮಂದಾಜಿ ಮಾರಿ ಮುಗಿದ ಮೇಲೆ ಒಂದು ಗಂಟೆ ಕೊಟ್ಟಳು. "ಬೆರಳು ಒಣಗಿಸ್ಕೋ ಮೊದಲು, ನಿನ್ನ ಕೈ ಯಾವಾಗ್ಲೂ ಒದ್ದೆ" ಅಂದಳು.

ನನ್ನ ದನಿ ಇರಲಿಲ್ಲ. ದನಿ ಇದ್ದ ಕಡೆಯಲ್ಲೆಲ್ಲ ಈಗ ಬರಹ ಬರುತ್ತದೆ. ನಾನು ಓದುವುದು ನಿಧಾನ. ಬಾಯಿಬಿಟ್ಟು ಓದಿದರೇ ಅರ್ಥವಾಗುವುದು. ಅಷ್ಟರಲ್ಲಿ ಬರಹ ಹೋಗಿಬಿಡುತ್ತದೆ.

ಆದರೆ ಒಗೆಯುವುದು ಬರುತ್ತದೆ. ಅವಳು ಎಲ್ಲವನ್ನೂ ನಾನು ಹೇಳಿದ ಹಾಗೇ ಇಟ್ಟಿದ್ದಾಳೆ. ಕಾಲರ್ ಮೊದಲು, ಕೈ ಪಟ್ಟಿ ಆಮೇಲೆ. ಕೊನೆಯ ನೀರನ್ನು ಚೆಲ್ಲಿದರೆ ಒಂದು ಅಂಕ ಹೋಗುತ್ತದೆ. ನಾನು ಚೆಲ್ಲಲಿಲ್ಲ. ಗಿರಾಕಿಯ ಅಂಗಿಗೆ ಹತ್ತಿದ್ದ ಗ್ರಹಣದ ಕಲೆಯನ್ನು ನಿಂಬೆ ಉಪ್ಪು ಹಾಕಿ ತೆಗೆದೆ. ಹತ್ತೊಂಬತ್ತನೇ ತೋಳಿಗೂ ಕ್ಲಿಪ್ಪು ಉಳಿಸಿಕೊಂಡಿದ್ದೆ. ನಫೂನಾ ಸುಮ್ಮನೆ ನೋಡುತ್ತಾ, "ನೀನು ಇದರಲ್ಲಿ ಪ್ರೊಫೆಸರ್ ಕಣೇ" ಅಂದಳು.

ಕೊನೆಗೆ ಆ ಬೂದು ಚಡ್ಡಿ ಬಿತ್ತು. ಒಗೆದೆ. ಹಿಂಡಿದೆ. ಹರವಿದೆ. ಆಕಾಶ ಒಂದು ಸಲ ಮಡಚಿ ಬಿಚ್ಚಿಕೊಂಡಿತು. ಮತ್ತೆ ಮೊದಲಿನ ಗುಡ್ಡೆ. ಅದೇ ಕಾಲುಚೀಲ, ಅದೇ ಅಂಗಿ. ಮತ್ತೆ ಎಲ್ಲ ಒಗೆದೆ. ಮತ್ತೆ ಚಡ್ಡಿ. ಮೂರು ಸಲ ಹಾಗಾಯಿತು. ನಾನು ಇದೇ ಆಟ ಅಂದುಕೊಂಡೆ. ನನಗೆ ವಿಚಿತ್ರವೂ ಅನಿಸಲಿಲ್ಲ, ಯಾವ ವಾರ ಗುಡ್ಡೆ ಮತ್ತೆ ಬರದೇ ಇದೆ?

ನಫೂನಾಳ ಮಗಳು ಫೋನು ಮಾಡಿದಳು, ಆಟ ನಿಂತಿತು.

ಗುರುವಾರ, ಆಗಸ್ಟ್ 3

ಇವತ್ತು ಪೂರ್ತಿ ಕಾಲುಚೀಲದ ಚಿಂತೆ. ಹೊಸ ಮನೆ, ಔಷಧಿ ಅಂಗಡಿಯವರದ್ದು. ಹನ್ನೊಂದು ಕಾಲುಚೀಲ ಇತ್ತು. ಒಂದು ಅವರಲ್ಲೇ ಕಮ್ಮಿ ಇತ್ತೋ, ನಾನು ಕಳೆದೆನೋ. ಟಬ್ಬು ಬೋರಲು ಹಾಕಿ ಹುಡುಕಿದೆ, ಮೋರಿಯಲ್ಲಿ ಕೈ ಹಾಕಿದೆ. ಗುಡ್ಡೆಯಲ್ಲಿ ಗಂಡಸರ ಒಳಬಟ್ಟೆ ಎರಡಿತ್ತು. ಅದನ್ನು ತೆಗೆದು ಕುರ್ಚಿಯ ಮೇಲಿಟ್ಟು, "ಇದು ನಿಮ್ಮದು ಅಮ್ಮಾ" ಅಂದೆ. ಅವರು ಒಳಗೆ ಒಯ್ದರು. ಆಮೇಲೂ ಕಾಲುಚೀಲ ಸಿಗಲಿಲ್ಲ. ಹೇಳಲೋ ಬೇಡವೋ ಎಂದು ಒದ್ದಾಡಿ ಕೊನೆಗೆ ಹೇಳಿದೆ. "ಅಯ್ಯೋ ಅದು ಹೋದ ವರ್ಷವೇ ಕಳೆದಿದೆ" ಅಂತ ನಕ್ಕರು. ಅರ್ಧ ದಿನ ದಂಡ.

ಭಾನುವಾರ, ಆಗಸ್ಟ್ 6

ಚರ್ಚಿನಿಂದ ಬಂದು ಊಟ ಮಾಡಿ ಮತ್ತೆ ನಫೂನಾಳ ಫೋನು ಕೇಳಿದೆ. ಬಾಗಿಲಲ್ಲಿ ಬಿಸಿಲು ಬಿದ್ದಿತ್ತು, ಒಂದು ತಿಂಗಳಲ್ಲಿ ಮೊದಲ ಬಿಸಿಲು. ಅಲ್ಲೇ ನೆಲದ ಮೇಲೆ ಕೂತೆ. ಅವಳು ಕಾಳು ಆರಿಸುತ್ತಾ ಹಿಂದೆ ಕೂತಳು.

ಚಡ್ಡಿ ಬಿತ್ತು. ನಾನು ಒಗೆಯಲು ಬೆರಳಿಟ್ಟೆ.

"ತಾಳೇ, ಅಲ್ಲಿ ಇನ್ನೊಂದು ಗುಂಡಿ ಇದೆಯಲ್ಲ" ಅಂದಳು.

ಇತ್ತು. ಎಡಗಡೆ ‘ಒಗೆ’ ಎಂದು ದೊಡ್ಡದಾಗಿ. ಅದರ ಪಕ್ಕದಲ್ಲಿ ಸಣ್ಣದಾಗಿ ಇನ್ನೊಂದು. ಮೂರು ಸಲ ಆಡಿದರೂ ನಾನು ನೋಡಿರಲಿಲ್ಲ. ಅಕ್ಷರ ಅಕ್ಷರ ಕೂಡಿಸಿ ಓದಿದೆ. ‘ಎದ್ದು ನಿಲ್ಲು.’

ಒತ್ತಿದೆ.

ಆಟದ ಹೆಂಗಸು ಟಬ್ಬಿನಿಂದ ಕೈ ತೆಗೆದಳು. ಕೈಯನ್ನು ಉಡುಪಿಗೆ ಒರೆಸಿಕೊಂಡಳು. ಸೊಂಟ ಹಿಡಿದುಕೊಂಡು ನಿಧಾನವಾಗಿ ಎದ್ದಳು. ನಾನು ಏಳುವ ಹಾಗೇ, ಮೊದಲು ಬಲ ಮಂಡಿ. ಆಮೇಲೆ ತಲೆ ಎತ್ತಿದಳು. ಇಡೀ ಆಟದಲ್ಲಿ ಮೊದಲ ಸಲ ಗಿರಾಕಿಯ ಮುಖ ಕಾಣಿಸಿತು. ಸಾವಿರ ಕಣ್ಣು. ಅವಳಿಗೆ ಬುದ್ಧಿ ಕೆಡಲಿಲ್ಲ. ಕೆಳಗೆ ಬರಹ ಬಂತು, ಈ ಸಲ ಓಡಿಹೋಗದೆ ನಿಂತೇ ಇತ್ತು. ನನ್ನಂಥವಳು ಓದುವ ತನಕ ನಿಲ್ಲಲಿ ಎಂದು ಇಟ್ಟಿದ್ದಾಳೋ ಏನೋ. ಬಾಯಿಬಿಟ್ಟು ಓದಿದೆ. ಮೊದಲ ಸಲ ಅರ್ಥವಾಗಲಿಲ್ಲ, ಇನ್ನೊಂದು ಸಲ ಜೋರಾಗಿ ಓದಿದೆ.

"ಇದು ನಿನ್ನದು. ಇದನ್ನ ನೀನೇ ತೊಳ್ಕೋ."

"ಯಾರಿಗೇ ಬೈತಿದ್ದೀಯಾ?" ಅಂತ ನಫೂನಾ ಬೆಚ್ಚಿದಳು.

ನಾನು ಪರದೆಯನ್ನು ಅವಳ ಕಡೆ ತಿರುಗಿಸಿದೆ.

ಆ ಗಿರಾಕಿಯ ಕಣ್ಣುಗಳು ಒಂದೊಂದಾಗಿ ಕೆಳಗಾದವು. ನಾಚಿಕೆಯಿಂದ. ತನ್ನ ಚಡ್ಡಿಯನ್ನು ತಾನೇ ಎತ್ತಿಕೊಂಡಿತು. ಒಂದು ಟಬ್ಬು ಬೇಕು ಎಂದು ಸನ್ನೆ ಮಾಡಿತು, ಅವಳು ಕೊಟ್ಟಳು. ಅದು ಟಬ್ಬನ್ನು ಕಂಕುಳಲ್ಲಿ ಇರುಕಿಕೊಂಡು ನಕ್ಷತ್ರಗಳಾಚೆಗೆ ಹೋಯಿತು. ಭೂಮಿ ಉಳಿಯಿತು. ಏಳನೇ ಮಹಡಿ ಇದ್ದ ಕಡೆ ಬರೀ ತಾರಸಿ, ಗಾಳಿ, ಒಣಗುತ್ತಿರುವ ಬಟ್ಟೆ. ಮೂಲೆಯಲ್ಲಿ ಬೋರಲು ಹಾಕಿದ ಬಕೆಟ್ಟಿನ ಮೇಲೆ ಒಂದು ಸಣ್ಣ ಹುಡುಗಿ ಕೂತಿದ್ದಾಳೆ. ಕೈ ತಟ್ಟುತ್ತಿದ್ದಾಳೆ.

ಅವತ್ತು ನಾನು ಎದ್ದು ನಿಲ್ಲಲಿಲ್ಲ. ಆ ಮಗು ಹದಿನಾರು ವರ್ಷ ಯೋಚಿಸಿ ನನ್ನನ್ನು ಎಬ್ಬಿಸಿ ನಿಲ್ಲಿಸಿತ್ತು. ನನ್ನ ದನಿಯಲ್ಲೇ ನಿಲ್ಲಿಸಿತ್ತು. ಆ ದನಿಯನ್ನು ನಾನೇ ಕಿತ್ತುಕೊಂಡೆ. ತೀರ್ಪುಗಾರರು ಎರಡು ಮೇಜಿನಾಚೆ ಇದ್ದರು, ಒಂದು ನಿಮಿಷ ಎಂದು ಬೇಡಿದಳು, ಕೊಡಲಿಲ್ಲ.

ನಫೂನಾ ಕಾಳಿನ ಮೊರ ಕೆಳಗಿಟ್ಟು ನನ್ನ ಬೆನ್ನ ಮೇಲೆ ಕೈ ಇಟ್ಟಳು. ತಮಾಷೆ ಮಾಡಲಿಲ್ಲ.

ಆಮೇಲೆ ಹೆಸರುಗಳು ಬಂದವು. ಮಾಡಿದವರು: ಮುಂಬುವಾ. ಚಿತ್ರ: ಲೆಮಾಯನ್. ಒಗೆಯುವುದನ್ನು ಕಲಿಸಿದವರು: ಅದರ ಮುಂದೆ ಏನೂ ಇಲ್ಲ. ಬರೀ ಕಪ್ಪು. ಸಾಲು ಹಾಗೇ ಇದೆ, ಹೆಸರಿಲ್ಲ. ಬೇರೆಯವರ ಹೆಸರೂ ಹಾಕಿಲ್ಲ. ನಫೂನಾಳಿಗೆ ತೋರಿಸಿದೆ. "ಖಾಲಿ ಇದೆ ಕಣೇ" ಅಂದಳು. ಇನ್ನೊಂದು ಸಲ ಆಡಿ ಅಲ್ಲಿಗೇ ಬಂದು ನೋಡಿದೆವು. ಖಾಲಿಯೇ. ಆದರೆ ಆ ಸಾಲು ಬರುವುದು ಸರಿಯಾಗಿ ಗಾಜು ಒಡೆದ ಮೂಲೆಯಲ್ಲಿ.

ನನ್ನ ಸಣ್ಣ ಫೋನಿನಲ್ಲಿ ಮುಂಬುವಾಗೆ ಬರೆಯಲು ಕೂತೆ. ತಪ್ಪಾಯ್ತು ಎಂದು ಬರೆದೆ, ಅಳಿಸಿದೆ. ಅಷ್ಟು ಜನರ ಮುಂದೆ ಅಂದದ್ದಕ್ಕೆ ಇಷ್ಟು ಸಣ್ಣ ಪರದೆಯಲ್ಲಿ ತಪ್ಪಾಯ್ತು ಎಂದರೆ ಸಾಕೇ. ಮನೆಗೆ ಬಾ ಎಂದು ಬರೆದೆ, ಅಳಿಸಿದೆ. ಕರೆಯಲು ನನಗೇನು ಮುಖವಿದೆ. ನಾನು ಒಗೆದಿದ್ದು ನಿಜ, ನೀನು ನೋಡಿದ್ದು ನಿಜ ಎಂದು ಬರೆದೆ. ಅದನ್ನು ಅಳಿಸಲಿಲ್ಲ. ಅದರ ಕೆಳಗೆ ಇನ್ನಿಷ್ಟು ಸೇರಿಸಿ ಕಳಿಸಿದೆ. ಮರೆಯದಿರಲೆಂದು ಇಲ್ಲೂ ಬರೆದಿಡುತ್ತೇನೆ:

"ಕೊನೇತನಕ ಆಡಿದೆ ಮುಂಬುವಾ. ಎದ್ದು ನಿಂತೆ. ಹೆಸರು ಬರೋ ಕಡೆ ‘ಒಗೆಯುವುದನ್ನು ಕಲಿಸಿದವರು’ ಅಂತ ಇದೆ, ಮುಂದೆ ಏನೂ ಕಾಣ್ತಿಲ್ಲ. ನಫೂನಾ ಫೋನಿನ ಗಾಜು ಒಡೆದಿದೆ, ಅದಕ್ಕೇ ಇರಬಹುದು. ನಿನ್ನ ಹತ್ರ ಇರೋದರಲ್ಲಿ ಆ ಸಾಲು ಖಾಲಿ ಇದೆಯಾ, ಇನ್ನೊಂದು ಸಲ ನೋಡಿ ಹೇಳು."